ಹೆಕ್ಟೇರಿನಿಂದ ಹೂಕುಂಡಕ್ಕೆ

ಗಿಡ ಬೆಳೆಸುವ ಪುಸ್ತಕ ಬರೆಯಲು ಕೂತವನಿಗೆ ಮೊದಲು ಅಡ್ಡ ಬರುವುದು ಹೆಕ್ಟೇರು. ಕೃಷಿ ಸಂಶೋಧನೆಯ ಯಾವ ಪ್ರಕಟಣೆ ತೆರೆದರೂ ಲೆಕ್ಕವೆಲ್ಲ ಅದರಲ್ಲೇ. ಹೆಕ್ಟೇರಿಗೆ ಇಷ್ಟು ಬೀಜ, ಇಷ್ಟು ಸಾರಜನಕ, ಇಷ್ಟು ಟನ್ ಇಳುವರಿ. ನನ್ನ ಓದುಗರ ಹತ್ತಿರ ಇರುವುದಾದರೋ ಮೈಸೂರಿನ ಕುವೆಂಪುನಗರದ ಒಂದು ತಾರಸಿ. ಅದರ ಅರ್ಧ ಭಾಗ ಸೋಲಾರ್ ಹೀಟರಿಗೂ ಸಿಂಟೆಕ್ಸ್ ಟ್ಯಾಂಕಿಗೂ ಹೋಗಿರುತ್ತದೆ, ಇನ್ನೊಂದಿಷ್ಟು ಬಟ್ಟೆ ಒಣಗಿಸುವ ತಂತಿಗೆ. ಮಿಕ್ಕಿದ್ದರಲ್ಲಿ ಹತ್ತಿಪ್ಪತ್ತು ಕುಂಡ. ಮಂಡ್ಯದವರಾದರೆ ಕಾಂಪೌಂಡಿಗೂ ಗೋಡೆಗೂ ನಡುವೆ ಉಳಿದ ಮೂರಡಿ ಮಣ್ಣು, ಅದರಲ್ಲೊಂದು ದಾಸವಾಳ, ಒಂದು ಕರಿಬೇವು, ಮೂಲೆಯಲ್ಲಿ ತುಳಸಿ.

ಲೆಕ್ಕ ಹಾಕಿ ನೋಡೋಣ. ಒಂದು ಬೆಳೆಗೆ ಹೆಕ್ಟೇರಿಗೆ 100 ಕಿಲೋ ಸಾರಜನಕ ಕೊಡಬೇಕು ಅಂತ ಶಿಫಾರಸು ಇದೆ ಅಂದುಕೊಳ್ಳಿ. ಹೆಕ್ಟೇರು ಅಂದರೆ 10,000 ಚದರ ಮೀಟರು, ಹಾಗಾಗಿ ಚದರ ಮೀಟರಿಗೆ 10 ಗ್ರಾಂ. ಯೂರಿಯಾದಲ್ಲಿ ಸಾರಜನಕ ಇರುವುದು ಶೇಕಡಾ 46, ಅಂದರೆ ಚದರ ಮೀಟರಿಗೆ ಹತ್ತಿರಹತ್ತಿರ 22 ಗ್ರಾಂ ಯೂರಿಯಾ. 12 ಇಂಚಿನ ಕುಂಡದ ಬಾಯಿ ಒಂದು ಚದರ ಮೀಟರಿನ 14ರಲ್ಲಿ ಒಂದು ಪಾಲು. ಕೊನೆಗೆ ಆ ಕುಂಡಕ್ಕೆ ಸಿಗಬೇಕಾದದ್ದು ಒಂದೂವರೆ ಗ್ರಾಂ ಯೂರಿಯಾ, ಅದೂ ಇಡೀ ಬೆಳೆಗಾಲಕ್ಕೆ. ಟೀ ಚಮಚದಲ್ಲಿ ಅರ್ಧಕ್ಕೂ ಕಡಿಮೆ! ನಮ್ಮ ಜನ ಪ್ರೀತಿಯಿಂದ ಹಾಕುವುದು ಒಂದು ಹಿಡಿ. ಎರಡು ದಿನದಲ್ಲಿ ಎಲೆಯ ಅಂಚು ಕಂದಿ, ವಾರದೊಳಗೆ ಗಿಡ ಸುಟ್ಟಂತಾಗುತ್ತದೆ. ಬೇರಿನ ಪಾಲಿಗೆ ಗೊಬ್ಬರವೂ ಉಪ್ಪಿನ ಹಾಗೆಯೇ. ಬೇರಿನ ಸುತ್ತ ಉಪ್ಪು ಜಾಸ್ತಿಯಾದರೆ ನೀರು ಬೇರಿನೊಳಕ್ಕೆ ಹೋಗುವ ಬದಲು ಬೇರಿನಿಂದ ಹೊರಕ್ಕೆ ಬರುತ್ತದೆ. ಉಪ್ಪಿನಕಾಯಿಗೆ ಹೆಚ್ಚಿಟ್ಟ ಮಾವಿನಕಾಯಿ ಉಪ್ಪು ಬಿದ್ದ ಮೇಲೆ ನೀರು ಬಿಟ್ಟುಕೊಳ್ಳುತ್ತದಲ್ಲ, ಅದೇ ವ್ಯವಹಾರ.

ಈ ಲೆಕ್ಕ ಪೂರ್ತಿ ಸರಿಯಲ್ಲ ಅನ್ನುವುದೂ ಗೊತ್ತು. ಹೊಲದ ಬೇರು ಆಳಕ್ಕೆ ಇಳಿಯುತ್ತದೆ, ಕುಂಡದ ಬೇರು ಗೋಡೆಗೆ ಮುಟ್ಟಿ ಸುತ್ತು ಹೊಡೆಯುತ್ತದೆ. ಕುಂಡಕ್ಕೆ ದಿನಾ ನೀರು ಹೊಯ್ದರೆ ಹಾಕಿದ ಗೊಬ್ಬರ ತಳದ ತೂತಿನಿಂದ ಇಳಿದು ತಾರಸಿಯ ಮೋರಿ ಸೇರುತ್ತದೆ. ವಿಜ್ಞಾನಿಗೆ ತೋರಿಸಿದರೆ ಹತ್ತು ಆಕ್ಷೇಪ ಎತ್ತಾರು, ಎಲ್ಲವೂ ನ್ಯಾಯವೇ. ಆದರೆ ತಾರಸಿಯಲ್ಲಿ ಯೂರಿಯಾ ಪೊಟ್ಟಣ ಹಿಡಿದು ನಿಂತವರಿಗೆ ಒಂದೂವರೆ ಗ್ರಾಮೋ ಎರಡು ಗ್ರಾಮೋ ಅನ್ನುವುದು ಪ್ರಶ್ನೆಯೇ ಅಲ್ಲ. ಚಿಟಿಕೆಯೋ ಹಿಡಿಯೋ, ಅಷ್ಟೇ.

ಇಷ್ಟು ವರ್ಷ ಹವ್ಯಾಸಿಗಳಿಗಾಗಿ ಬರೆದು ಬರೆದು ನನಗೆ ಖಾತ್ರಿಯಾದ ವಿಷಯ ಒಂದಿದೆ. ವಿಜ್ಞಾನದ ಪುಸ್ತಕವನ್ನು ಹವ್ಯಾಸಿಗಳಿಗೆ ಇಳಿಸುವಾಗ ಎಲ್ಲರೂ ಮೊದಲು ಕತ್ತರಿಸುವುದು 'ಯಾಕೆ' ಅನ್ನುವುದನ್ನು, ಉಳಿಸಿಕೊಳ್ಳುವುದು 'ಎಷ್ಟು' ಅನ್ನುವುದನ್ನು. ಎರಡು ದಿನಕ್ಕೊಮ್ಮೆ ನೀರು, ತಿಂಗಳಿಗೊಮ್ಮೆ ಗೊಬ್ಬರ, ಹದಿನೈದು ದಿನಕ್ಕೊಮ್ಮೆ ಬೇವಿನೆಣ್ಣೆ. ಪ್ರಕಾಶಕರಿಗೂ ಇದೇ ಇಷ್ಟ. "ಸಾರ್, ಜನಕ್ಕೆ ಟಿಪ್ಸ್ ಬೇಕು, ಪಾಠ ಬೇಡ" ಅನ್ನುತ್ತಾರೆ. ನಾನು ಇದನ್ನು ತಿರುಗುಮುರುಗು ಮಾಡಬೇಕು ಅನ್ನುವವನು. ಎಷ್ಟು ಅನ್ನುವುದು ಹೆಚ್ಚುಕಡಿಮೆ ಆಗಲಿ, ಕಾರಣ ಮಾತ್ರ ಬಿಡಬಾರದು. ವಿಜ್ಞಾನಿಗೆ ಬೇಕಾದ ಪುರಾವೆ, ಕೋಷ್ಟಕ, ತಳಿ ಸಂಖ್ಯೆ ಇವನ್ನೆಲ್ಲ ಹವ್ಯಾಸಿ ಓದದೆ ಇರಬಹುದು. ಕಾರಣ ತಿಳಿಯದೆ ಇದ್ದರೆ ಅವರ ಕೈಯಲ್ಲಿ ಉಳಿಯುವುದು ಬರೀ ಒಂದು ಪಟ್ಟಿ, ಮತ್ತು ಆ ಪಟ್ಟಿ ಬರೆದವನ ತಾರಸಿಗೆ ಬೀಳುವ ಬಿಸಿಲು ಅವರ ತಾರಸಿಗೆ ಬೀಳುವುದಿಲ್ಲ.

ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಮೈಸೂರಿನವರಿಗೆ ಮಲ್ಲಿಗೆ ಬೆಳೆಸುವುದನ್ನು ಹೇಳಿಕೊಡುವುದು ಅಧಿಕಪ್ರಸಂಗವೇ, ಭೌಗೋಳಿಕ ಸೂಚಿಕೆ ಬೇರೆ ಪಡೆದ ಹೂವು ಅದು. ಆದರೂ ಮನೆಮನೆಯಲ್ಲೂ ಕೇಳುವ ದೂರು ಒಂದೇ: ಗಿಡ ಪೊದೆಯಾಗಿ ಬೆಳೆದಿದೆ, ಹೂ ಮಾತ್ರ ಇಲ್ಲ. ಮಲ್ಲಿಗೆ ಹೂ ಬಿಡುವುದು ಹೊಸದಾಗಿ ಒಡೆದ ಚಿಗುರಿನ ತುದಿಯಲ್ಲಿ. ಹಳೇ ಕಡ್ಡಿಯ ಮೇಲೆ ಎಷ್ಟು ಎಲೆ ಇದ್ದರೂ ಅಲ್ಲಿ ಮೊಗ್ಗು ಕಟ್ಟುವುದಿಲ್ಲ. ಅದಕ್ಕೇ ಮಲ್ಲಿಗೆ ತೋಟದವರು ನೀರು ಕಡಿಮೆ ಮಾಡಿ, ಚಳಿಗಾಲದಲ್ಲಿ ಗಿಡವನ್ನು ಮೊಳಕಾಲೆತ್ತರಕ್ಕೆ ಸವರಿಬಿಡುತ್ತಾರೆ. ಆಮೇಲೆ ಬುಡ ಬಿಡಿಸಿ, ಕೊಟ್ಟಿಗೆ ಗೊಬ್ಬರ ಕೊಟ್ಟು ನೀರು ಹಾಯಿಸಿದರೆ ಬೇಸಿಗೆ ಶುರುವಾಗುವ ಹೊತ್ತಿಗೆ ಗಿಡದ ತುಂಬ ಚಿಗುರು, ಚಿಗುರಿನ ತುಂಬ ಮೊಗ್ಗು.

ನಮ್ಮ ಬೀದಿಯ ಕೊನೆಮನೆ ಅಜ್ಜಿಗೆ ಇದನ್ನು ಹೇಳಿದಾಗ ಅವರು ನನ್ನನ್ನು ಕಟುಕನ ಹಾಗೆ ನೋಡಿದರು.

"ಹಸುರಾಗಿರೋ ಗಿಡಕ್ಕೆ ಕತ್ತರಿ ಹಾಕು ಅಂತೀಯಲ್ಲಪ್ಪ, ನಿನಗೇನಾದ್ರೂ ಮನಸ್ಸು ಅನ್ನೋದಿದೆಯಾ?"

"ಅಜ್ಜಿ, ಹೋದ ವರ್ಷ ಎಲ್ಲಿ ಹೂ ಬಿಟ್ಟಿತ್ತು, ಆ ಕಡ್ಡಿ ತೋರಿಸಿ."

ತೋರಿಸಿದರು. ಆ ಕಡ್ಡಿ ಬಲಿತು ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಪಕ್ಕದಲ್ಲೇ ಹಸು ತಿಂದು ಮುರಿದಿದ್ದ ಇನ್ನೊಂದು ಕಡ್ಡಿಯಿತ್ತು. ಮುರಿದ ಜಾಗದ ಕೆಳಗಿನ ಗೆಣ್ಣಿನಿಂದ ಜೋಡಿ ಚಿಗುರು ಬಂದು, ಎರಡರ ತುದಿಯಲ್ಲೂ ಅಕ್ಕಿಕಾಳಿನಷ್ಟು ಮೊಗ್ಗು ಕೂತಿತ್ತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಅದನ್ನೂ ಇದನ್ನೂ ನೋಡಿದರು. "ಹಸಕ್ಕೇ ಗೊತ್ತಾಗಿದೆ ನನಗೆ ಗೊತ್ತಾಗಲಿಲ್ವಲ್ಲ" ಅಂದು ಒಳಗೆ ಹೋಗಿ ಕತ್ತರಿ ತಂದರು. 'ಡಿಸೆಂಬರಿನಲ್ಲಿ ಸವರಿ' ಅಂತ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರೂ ಅವರು ಕತ್ತರಿ ಮುಟ್ಟುತ್ತಿರಲಿಲ್ಲ. ಮನಸ್ಸು ಒಪ್ಪದ ಕೆಲಸವನ್ನು ಮಾಡಿಸಬೇಕಾದರೆ ಕಾರಣ ಕಣ್ಣಿಗೆ ಕಾಣಬೇಕು.

ಗುಲಾಬಿಯಲ್ಲಿ ಇದರ ಉಲ್ಟಾ ಕಥೆ. ನರ್ಸರಿಯಿಂದ ತರುವ ಗುಲಾಬಿ ಕಸಿ ಕಟ್ಟಿದ ಗಿಡ. ಕೆಳಗಿನ ಬೇರು ಒಂದು ಕಾಡು ಜಾತಿಯದು, ಮೇಲಿನ ಕಣ್ಣು ನಾವು ದುಡ್ಡು ಕೊಟ್ಟು ತಂದ ಕೆಂಪೋ ಹಳದಿಯೋ. ಕಸಿಯ ಗಂಟಿನ ಕೆಳಗಿನಿಂದ ಒಂದು ದಿನ ನೆಟ್ಟಗೆ, ರಭಸವಾಗಿ, ತೆಳು ಹಸುರು ಬಣ್ಣದ ಚಿಗುರು ಏಳುತ್ತದೆ. ಮನೆಯವರಿಗೆ ಖುಷಿಯೋ ಖುಷಿ. ಆರು ತಿಂಗಳಾಗುವಷ್ಟರಲ್ಲಿ ಆ ಚಿಗುರೇ ಊಟವನ್ನೆಲ್ಲ ಎಳೆದುಕೊಂಡು ಮೇಲಿನ ಗುಲಾಬಿ ಬಡಕಲಾಗುತ್ತದೆ. "ಮೊದಲು ಕೆಂಪು ಹೂ ಬಿಡ್ತಿತ್ತು, ಈಗ ಹೂವೇ ಇಲ್ಲ, ಬರೀ ಬಳ್ಳಿ" ಅಂತ ಹೇಳುವವರು ಎಷ್ಟೋ ಮಂದಿ. ಗಂಟು ಎಲ್ಲಿದೆ ಅಂತ ಬೆರಳಿಟ್ಟು ನೋಡಿ, ಅದರ ಕೆಳಗಿನಿಂದ ಬಂದದ್ದನ್ನು ಬುಡಸಮೇತ ಕಿತ್ತುಬಿಡಿ. ಹಣ್ಣಿನ ಗಿಡದ ಕಸಿಗೂ ಇದೇ ಮಾತು ಅನ್ನುವುದನ್ನು ಕಾರಣ ತಿಳಿದವರು ತಾವೇ ಊಹಿಸಿಕೊಳ್ಳುತ್ತಾರೆ. ನಾನು ಇನ್ನೊಂದು ಪುಟ ಬರೆಯುವ ಕೆಲಸ ತಪ್ಪಿತು.

ಕನ್ನಡದಲ್ಲಿ ಸಸ್ಯಶಾಸ್ತ್ರವನ್ನು ಜನ ಬಿಡದೆ ಓದುವ ಹಾಗೆ ಬರೆಯಬಹುದು ಅಂತ ಬಿ.ಜಿ.ಎಲ್. ಸ್ವಾಮಿಯವರು ಎಂದೋ ತೋರಿಸಿ ಆಗಿದೆ. 1978ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟದ್ದು ಗಿಡಮರಗಳ ಪುಸ್ತಕ, ಕಾದಂಬರಿಯಲ್ಲ. ಆದರೆ ಅವರ ಓದುಗರು ಕುರ್ಚಿಯಲ್ಲಿ ಕೂತು ಓದುವವರು, ನಗುವವರು. ನನ್ನ ಓದುಗರ ಒಂದು ಕೈಗೆ ಮಣ್ಣು ಮೆತ್ತಿರುತ್ತದೆ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಬೇಕಾದ ಪುಟ ಹುಡುಕುತ್ತಿರುತ್ತಾರೆ. ಅವರಿಗೆ ಸಿಗಬೇಕಾದದ್ದು ಅರ್ಧ ನಿಮಿಷದಲ್ಲಿ ಸಿಗಬೇಕು. (ಪುಸ್ತಕ ತೆರೆದಿಟ್ಟರೆ ತೆರೆದೇ ಇರುವಂಥ ಬೈಂಡಿಂಗ್ ಮಾಡಿಸಿ ಅಂತ ನಾನು ಗೋಗರೆಯುತ್ತಲೇ ಇದ್ದೇನೆ. ಖರ್ಚು ಜಾಸ್ತಿ ಅನ್ನುತ್ತಾರೆ.)

ಆ ಅರ್ಧ ನಿಮಿಷದಲ್ಲಿ ಕಾರಣವನ್ನೂ ತುರುಕುವುದೇ ಈ ಕಸುಬಿನ ಕಷ್ಟ. ಸೇವಂತಿಗೆ ಒಳ್ಳೇ ಉದಾಹರಣೆ. ಕುಂಡದಲ್ಲಿಟ್ಟ ಸೇವಂತಿಗೆ ಸೊಂಪಾಗಿ ಬೆಳೆದು, ಪಕ್ಕದ ಮನೆಯಲ್ಲಿ ಅದೇ ತಾಯಿಗಿಡದಿಂದ ಬಂದ ಸಸಿ ಹೂ ಬಿಟ್ಟು, ನಮ್ಮದು ಮಾತ್ರ ಮೊಗ್ಗೇ ಕಟ್ಟದೆ ನಿಂತಿದ್ದರೆ ಏನು ಹೇಳಬೇಕು? ಗೊಬ್ಬರ, ನೀರು, ಬಿಸಿಲು ಎಲ್ಲ ಸರಿಯಾಗಿಯೇ ಇದೆ. ಆಗ ಕೇಳಬೇಕಾದ ಪ್ರಶ್ನೆ: ಕುಂಡ ಎಲ್ಲಿದೆ? ಪೋರ್ಟಿಕೋದಲ್ಲಿ. ಪೋರ್ಟಿಕೋದಲ್ಲಿ ರಾತ್ರಿ ದೀಪ ಉರಿಯುತ್ತದೆಯೇ? ಕಳ್ಳರ ಭಯ, ಬೆಳಗಿನವರೆಗೂ ಉರಿಯುತ್ತದೆ. ಸಿಕ್ಕಿತು ಉತ್ತರ. ಸೇವಂತಿಗೆ ಮೊಗ್ಗು ಕಟ್ಟಲು ಉದ್ದನೆಯ, ಅಖಂಡವಾದ ಕತ್ತಲೆ ಬೇಕು. ನಡುವೆ ಬೆಳಕು ಬಿದ್ದರೆ ಗಿಡದ ಲೆಕ್ಕದಲ್ಲಿ ಅದಿನ್ನೂ ಬೇಸಿಗೆಯ ಹಗಲು, ಎಲೆ ಬೆಳೆಸುವ ಕಾಲ.

ಹಗಲು ರಾತ್ರಿಗಳ ಉದ್ದಕ್ಕೂ ಹೂ ಬಿಡುವುದಕ್ಕೂ ಸಂಬಂಧ ಇದೆ ಎಂದು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ಪ್ರಕಟಿಸಿದರು. ಬೇಸಿಗೆಯಿಡೀ ಆಳೆತ್ತರ ಬೆಳೆದರೂ ಹೂ ಬಿಡದ ಒಂದು ತಂಬಾಕಿನ ತಳಿ ಅವರನ್ನು ಕಾಡಿತ್ತು. ಈ ಜ್ಞಾನವನ್ನು ಹೂ ವ್ಯಾಪಾರ ಚೆನ್ನಾಗಿ ದುಡಿಸಿಕೊಂಡಿದೆ. ಪಾಲಿಹೌಸಿನಲ್ಲಿ, ಅಂದರೆ ಪ್ಲಾಸ್ಟಿಕ್ ಹೊದಿಸಿದ ಚಪ್ಪರದಲ್ಲಿ, ಸೇವಂತಿಗೆ ಬೆಳೆಯುವವರು ರಾತ್ರಿ ಬಲ್ಬು ಹಾಕಿ ಹೂವನ್ನು ಹಿಂದೆ ತಳ್ಳುತ್ತಾರೆ, ಬೇಕಾದಾಗ ದೀಪ ಆರಿಸಿ ಕರೆಯುತ್ತಾರೆ. ಹವ್ಯಾಸಿಯ ಪುಸ್ತಕದಲ್ಲಿ ಆ ತಂಬಾಕಿನ ಕಥೆ ಇರಲೇಬೇಕೆಂದಿಲ್ಲ, ಇಲ್ಲಿ ಜಾಗ ಇದೆ ಅಂತ ಹೇಳಿದೆ ಅಷ್ಟೇ. 'ರಾತ್ರಿ ದೀಪ ಬೀಳದ ಕಡೆ ಇಡಿ, ಯಾಕೆಂದರೆ ಸೇವಂತಿಗೆ ಕತ್ತಲೆಯನ್ನು ಅಳೆಯುತ್ತದೆ' ಎಂಬ ಒಂದು ಸಾಲು ಸಾಕು. ಎರಡನೇ ಅರ್ಧವನ್ನು ಕತ್ತರಿಸಿದಿರೋ, ಓದುವವರು ಅದನ್ನು ಮಡಿ ಮೈಲಿಗೆಯ ಸಾಲಿಗೆ ಸೇರಿಸಿ ಮರೆತುಬಿಡುತ್ತಾರೆ.

ಅವರೆಯಲ್ಲೂ ಇದೇ ಗುಟ್ಟು. ಮೈಸೂರು ಮಂಡ್ಯದವರಿಗೆ ಅವರೆಕಾಯಿ ಅಂದರೆ ಧನುರ್ಮಾಸದ ಚಳಿ, ಸೊಗಡು, ಹಿದುಕಿದ ಬೇಳೆ ಸಾರು. ತಾರಸಿ ತೋಟದ ಹುಮ್ಮಸ್ಸಿನಲ್ಲಿ ಜನವರಿಯಲ್ಲಿ ತಿಂದ ಅವರೆಯ ನಾಲ್ಕು ಬಲಿತ ಕಾಳನ್ನು ಫೆಬ್ರವರಿಯಲ್ಲೇ ಊರಿದವರನ್ನು ಕೇಳಿ. ಬಳ್ಳಿ ಹಬ್ಬಿ ಟ್ಯಾಂಕು ಮುಚ್ಚುತ್ತದೆ, ಕಾಯಿ ಮಾತ್ರ ಇಲ್ಲ. ನಾಡ ಅವರೆ ಹಗಲು ಕುಗ್ಗುವವರೆಗೂ ಹೂ ಬಿಡುವುದಿಲ್ಲ. ನಮ್ಮ ಮೈಸೂರು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಇಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆಯಷ್ಟೆ. ನಮಗೆ ಗೊತ್ತೇ ಆಗದ ಆ ವ್ಯತ್ಯಾಸ ಅವರೆಬಳ್ಳಿಗೆ ಗೊತ್ತಾಗುತ್ತದೆ. ಮುಂಗಾರಿನಲ್ಲಿ ಊರಿದರೂ ಆಗಸ್ಟಿನಲ್ಲಿ ಊರಿದರೂ ಅದು ಹೂ ಬಿಡುವುದು ದೀಪಾವಳಿ ಆಸುಪಾಸಿಗೆ. ವರ್ಷವಿಡೀ ಬೆಳೆಯಬೇಕು ಅನ್ನುವವರಿಗಾಗಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಹಗಲಿನ ಉದ್ದಕ್ಕೆ ಸೊಪ್ಪು ಹಾಕದ ಹೆಬ್ಬಾಳ ಅವರೆ ತಳಿಗಳನ್ನು ಬಿಡುಗಡೆ ಮಾಡಿದೆ, ಎಚ್‌ಎ–3, ಎಚ್‌ಎ–4 ಇತ್ಯಾದಿ. ಗಿಡ್ಡ ಗಿಡ, ಕುಂಡಕ್ಕೂ ಒಗ್ಗುತ್ತದೆ. ಸೊಗಡಿನ ವಿಷಯದಲ್ಲಿ ನನ್ನ ಮತ ನಾಡ ತಳಿಗೇ, ಆದರೆ ಅದು ನಾಲಗೆಯ ತಕರಾರು, ವಿಜ್ಞಾನದ್ದಲ್ಲ.

ಕಾಲದ ಮಾತು ಬಂತು, ಇನ್ನೊಂದನ್ನು ಹೇಳಿ ಮುಂದೆ ಹೋಗುತ್ತೇನೆ. ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ಗಾರ್ಡನಿಂಗ್ ಪುಸ್ತಕಗಳಲ್ಲಿ ವಸಂತದಲ್ಲಿ ಬಿತ್ತಿ, ಹಿಮ ಕರಗಿದ ಮೇಲೆ ನಾಟಿ ಮಾಡಿ ಅಂತಿರುತ್ತದೆ. ದೆಹಲಿಯಿಂದ ಬರುವ ಬರಹಗಳಲ್ಲಿ ಕಡುಬೇಸಿಗೆ, ಕೊರೆಯುವ ಚಳಿ. ನಮ್ಮಲ್ಲಿ ಎರಡೂ ಇಲ್ಲ. ಇಲ್ಲಿ ಗಿಡದ ಪಂಚಾಂಗ ನಡೆಯುವುದು ಮಳೆ ನಕ್ಷತ್ರದ ಮೇಲೆ. ಏಪ್ರಿಲ್ ಕೊನೆಯ ಭರಣಿ ಮಳೆಗೆ ಮಣ್ಣು ತಣಿಯುತ್ತದೆ, ಮುಂಗಾರಿನ ಮೋಡದಲ್ಲಿ ಕಡ್ಡಿ ಊರಿದರೆ ಬೇರು ಬಿಡುತ್ತದೆ, ಹಸ್ತ ಚಿತ್ತೆಯ ಜಡಿಮಳೆಗೆ ಕುಂಡದ ತೂತು ಕಟ್ಟಿಕೊಂಡಿದ್ದರೆ ಬೇರು ಕೊಳೆಯುತ್ತದೆ. ನನ್ನ ಪುಸ್ತಕದ ಕ್ಯಾಲೆಂಡರನ್ನು ನಾನು ಹೀಗೇ ಬರೆದದ್ದು. ಅಪಾರ್ಟ್‌ಮೆಂಟಿನ ಹುಡುಗರಿಗೆ ಭರಣಿ ಗೊತ್ತಿಲ್ಲ ಅಂತ ಪಕ್ಕದಲ್ಲಿ ಇಂಗ್ಲಿಷ್ ತಿಂಗಳೂ ಇದೆ.

ಈಗ ಜಗಳದ ವಿಷಯಕ್ಕೆ ಬರೋಣ. ಕುಂಡದ ತಳಕ್ಕೆ ಜಲ್ಲಿ ಅಥವಾ ಇಟ್ಟಿಗೆ ಚೂರು ಹಾಕಿದರೆ ನೀರು ಚೆನ್ನಾಗಿ ಬಸಿದು ಹೋಗುತ್ತದೆ ಎಂಬ ನಂಬಿಕೆ. ಮೈಸೂರಿನ ಯಾವ ನರ್ಸರಿಗೆ ಹೋದರೂ ಹೀಗೇ ಹೇಳುತ್ತಾರೆ, ಹಳೇ ಪುಸ್ತಕಗಳಲ್ಲೂ ಹೀಗೇ ಇದೆ. ಮಣ್ಣಿನ ಭೌತಶಾಸ್ತ್ರ ಹೇಳುವುದು ಬೇರೆ. ಸಣ್ಣ ಸಣ್ಣ ಸಂದಿಗಳಿರುವ ಮಣ್ಣಿನಿಂದ ದೊಡ್ಡ ಸಂದಿಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಇನ್ನು ಹಿಡಿಯಲಾರದಷ್ಟು ತೊಯ್ದ ಮೇಲಷ್ಟೇ ತೊಟ್ಟಿಕ್ಕುತ್ತದೆ. ಅಂದರೆ ಕುಂಡದ ತಳದಲ್ಲಿ ಇರಬೇಕಾದ ಒದ್ದೆ ಪದರ ಜಲ್ಲಿ ಹಾಕಿದಷ್ಟೂ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ.

ನಂಬಿಕೆ ಬಾರದಿದ್ದರೆ ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ನೀರಲ್ಲಿ ನೆನೆಸಿ ಅಂಗೈ ಮೇಲೆ ಮಟ್ಟಸವಾಗಿ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ನೀರೂ ಅದೇ, ಎತ್ತರ ಹೆಚ್ಚಾಯಿತು ಅಷ್ಟೆ. ತಳದಲ್ಲಿ ನಿಲ್ಲುವ ಒದ್ದೆ ಪದರ ಎತ್ತರದ ಕುಂಡಕ್ಕೂ ಗಿಡ್ಡ ಕುಂಡಕ್ಕೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಗಿಡ್ಡ ಕುಂಡದಲ್ಲಿ ಬೇರಿಗೆ ಸಿಗುವ ಒಣ ಜಾಗ ಕಡಿಮೆ. ಮೂರಿಂಚು ಜಲ್ಲಿ ಹಾಕಿದರೆ ದುಡ್ಡು ಕೊಟ್ಟು ತಂದ ಎತ್ತರದ ಕುಂಡವನ್ನು ನಾವೇ ಗಿಡ್ಡ ಮಾಡಿದ ಹಾಗೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು, ಅದೂ ಮಣ್ಣು ಸೋರದಿರಲಿ ಅಂತ. ನೀರು ಬಸಿಯುವ ಕೆಲಸವನ್ನು ಮಣ್ಣಿನ ಮಿಶ್ರಣಕ್ಕೇ ಬಿಡಿ: ಕೆಂಪುಮಣ್ಣು, ಗೊಬ್ಬರ, ಮರಳು ಅಥವಾ ಕೋಕೋಪೀಟು (ತೆಂಗಿನ ನಾರಿನ ಪುಡಿ).

"ನಲವತ್ತು ವರ್ಷದಿಂದ ಜಲ್ಲಿ ಹಾಕ್ತಾ ಇದೀವಿ ಸಾರ್, ಗಿಡ ಸತ್ತಿಲ್ಲ" ಅಂತ ನರ್ಸರಿಯವರು ನನ್ನ ಮುಖಕ್ಕೇ ಹೇಳಿದ್ದಾರೆ. ಅವರ ಮಾತೂ ನಿಜವೇ. ಮಿಶ್ರಣ ಒಳ್ಳೆಯದಿದ್ದರೆ ಜಲ್ಲಿ ಇದ್ದರೂ ಗಿಡ ಬದುಕುತ್ತದೆ. ಇಲ್ಲೇ ನೋಡಿ, ವಿಜ್ಞಾನಿಗೆ ಬರೆಯುವುದಕ್ಕೂ ಹವ್ಯಾಸಿಗೆ ಬರೆಯುವುದಕ್ಕೂ ಇರುವ ಇನ್ನೊಂದು ವ್ಯತ್ಯಾಸ. ವಿಜ್ಞಾನದಲ್ಲಿ ತಪ್ಪು ಅಂದರೆ ತಪ್ಪು. ಹವ್ಯಾಸಿಯ ಪುಸ್ತಕದಲ್ಲಿ ಇದು ಗಿಡ ಕೊಲ್ಲುವ ತಪ್ಪೋ, ಚೂರು ಇಳುವರಿ ತಗ್ಗಿಸುವ ತಪ್ಪೋ, ಯಾವ ತೊಂದರೆಯೂ ಇಲ್ಲದ ಸುಮ್ಮನೆ ತಪ್ಪೋ ಅಂತ ವಿಂಗಡಿಸಿ ಹೇಳಬೇಕು. ಜಲ್ಲಿ ಕೊನೆಯ ಎರಡರ ನಡುವೆ ಎಲ್ಲೋ ಇದೆ. ಒಂದು ಹಿಡಿ ಯೂರಿಯಾ ಮೊದಲನೆಯದು. ಎರಡಕ್ಕೂ ಒಂದೇ ದನಿಯಲ್ಲಿ ಗದರಿದರೆ ಓದುವವರಿಗೆ ಗಿಡ ಬೆಳೆಸುವುದೇ ಭಯವಾಗುತ್ತದೆ.

ಭಯದ ಬೇರು ಇನ್ನೂ ಆಳದಲ್ಲಿದೆ. ನಮ್ಮಲ್ಲಿ ಗಿಡ ಸತ್ತರೆ ಯಾರೂ ಮಣ್ಣನ್ನು ಬೈಯುವುದಿಲ್ಲ, "ನನ್ನ ಕೈಗುಣ ಸರಿಯಿಲ್ಲ" ಅನ್ನುತ್ತಾರೆ. ದಸರಾ ಫಲಪುಷ್ಪ ಪ್ರದರ್ಶನ ನೋಡಿ, ಕುಪ್ಪಣ್ಣ ಪಾರ್ಕಿನಿಂದ ಬರುವ ದಾರಿಯಲ್ಲೇ ನರ್ಸರಿಗೆ ನುಗ್ಗಿ ಚೆಂಡುಹೂ, ಪೆಟೂನಿಯಾ, ಸಾಲ್ವಿಯಾ ತಂದವರ ಕುಂಡಗಳು ಸಂಕ್ರಾಂತಿಯೊಳಗೆ ಒಣಗುತ್ತವೆ. ಅವು ಒಂದೇ ಋತುವಿನ ಗಿಡಗಳು. ಮೊಳೆತು, ಹೂಬಿಟ್ಟು, ಬೀಜ ಕಟ್ಟಿ ಮುಗಿಯುವುದೇ ಅವುಗಳ ಬಾಳು. ತರುವಾಗಲೇ ಮೈತುಂಬ ಹೂವಿತ್ತು ಅಂದರೆ ಆಯಸ್ಸಿನ ಅರ್ಧ ನರ್ಸರಿಯಲ್ಲೇ ಕಳೆದಿತ್ತು. ಇದನ್ನು ಯಾರೂ ಹೇಳದೆ, ಆ ಮನೆಯ ಹೆಂಗಸು ಗೊಬ್ಬರ ಬದಲಿಸಿ, ಜಾಗ ಬದಲಿಸಿ, ಕೊನೆಗೆ ತನ್ನ ಕೈಯನ್ನೇ ದೂರಿಕೊಂಡು ಖಾಲಿ ಕುಂಡವನ್ನು ಮೆಟ್ಟಿಲ ಕೆಳಗೆ ತಳ್ಳಿರುತ್ತಾಳೆ. ಪ್ರಯೋಗಾಲಯದಲ್ಲಿ ನೂರಕ್ಕೆ ತೊಂಬತ್ತು ಸಸಿ ಉಳಿದರೆ ಒಳ್ಳೆಯ ಫಲಿತಾಂಶ. ಅಕ್ಕ ಶಿವಮೊಗ್ಗದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿದ ಒಂದೇ ಒಂದು ಸಂಪಿಗೆ ಸಸಿಗೆ ಶೇಕಡಾವಾರು ಲೆಕ್ಕ ಇಲ್ಲ.

ಅದಕ್ಕೇ ನಾನು ಅಧ್ಯಾಯಗಳನ್ನು ಸಸ್ಯಕುಟುಂಬದ ಪ್ರಕಾರ ಜೋಡಿಸುವುದನ್ನು ಬಿಟ್ಟೆ. ದೂರಿನ ಪ್ರಕಾರ ಜೋಡಿಸುತ್ತೇನೆ. ಎಲೆ ಹಳದಿ. ಮೊಗ್ಗು ಉದುರುತ್ತೆ. ಹೂವಿಲ್ಲ. ಕಾಯಿ ನಿಲ್ಲಲ್ಲ. ಬಿಳೀ ಹುಳ. ಎಲ್ಲಕ್ಕಿಂತ ದೊಡ್ಡದು 'ಎಲೆ ಹಳದಿ' ಅಧ್ಯಾಯ, ಯಾಕೆಂದರೆ ಹಳದಿಯಲ್ಲಿ ಬಗೆಗಳಿವೆ. ಬುಡದ ಹಳೇ ಎಲೆ ಪೂರ್ತಿ ಹಳದಿಯಾಗಿ ಉದುರುತ್ತಿದ್ದರೆ ಸಾರಜನಕ ಸಾಲದು, ಇಲ್ಲವೇ ಎಲೆಗೆ ವಯಸ್ಸಾಗಿದೆ. ಗಿಡ ಸಾರಜನಕವನ್ನು ಹಳೇ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡಬಲ್ಲದು, ಆದ್ದರಿಂದ ಕೊರತೆ ಮೊದಲು ಕಾಣುವುದು ಕೆಳಗೆ. ತುದಿಯ ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸುರಾಗಿದ್ದರೆ ಅದು ಕಬ್ಬಿಣದ ಕೊರತೆ. ಕಬ್ಬಿಣವನ್ನು ಹಾಗೆ ಸಾಗಿಸಲು ಬಾರದು, ಆದ್ದರಿಂದ ಪೆಟ್ಟು ಬೀಳುವುದು ಎಳೆಯ ಎಲೆಗೆ. ಹೊಸ ಬಡಾವಣೆಗಳಲ್ಲಿ ಇಕ್ಸೋರ, ದಾಸವಾಳ ಹೀಗಾಗುವುದು ಜಾಸ್ತಿ. ಮನೆ ಕಟ್ಟಿದಾಗ ಉಳಿದ ಸಿಮೆಂಟು ಸುಣ್ಣ ಎಲ್ಲ ಆ ಮೂರಡಿ ಮಣ್ಣಿಗೇ ಸೇರಿ, ಜೊತೆಗೆ ಗಡಸು ಬೋರ್ ನೀರು ಬಿದ್ದು ಮಣ್ಣು ಕ್ಷಾರವಾಗಿರುತ್ತದೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಇನ್ನು ಗಿಡವೆಲ್ಲ ಸೊರಗಿ ಹಳದಿಯಾಗಿ, ಬೆರಳಿಟ್ಟರೆ ಮಣ್ಣು ತೊಪ್ಪೆಯಾಗಿದ್ದರೆ ಬೇರಿಗೆ ಉಸಿರು ಕಟ್ಟಿದೆ. ಈ ಮೂರಕ್ಕೂ ನಮ್ಮ ಮನೆಗಳಲ್ಲಿ ಮಾಡುವ ಔಷಧಿ ಒಂದೇ: ಇನ್ನೊಂದು ಚೊಂಬು ನೀರು.

ಈ ಅಧ್ಯಾಯಕ್ಕೆ ಫೋಟೋ ಬೇಡ, ಗೆರೆಚಿತ್ರ ಬೇಕು ಅಂತ ನಾನು ಹಟ ಹಿಡಿದೆ. ಫೋಟೋದಲ್ಲಿ ಎಲ್ಲವೂ ಕಾಣುತ್ತದೆ, ಯಾವುದನ್ನು ನೋಡಬೇಕು ಅನ್ನುವುದು ಮಾತ್ರ ಕಾಣುವುದಿಲ್ಲ.

'ಎಷ್ಟು' ಅನ್ನುವುದನ್ನು ಸಡಿಲ ಬಿಡಬಹುದು ಅಂದೆನಲ್ಲ, ಅದಕ್ಕೆ ಒಂದು ಅಪವಾದ ಇದೆ, ವಿಷ. ಕೀಟನಾಶಕದ ಡಬ್ಬಿಯ ಮೇಲೆ ವಜ್ರಾಕಾರದ ಗುರುತಿನಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಅಂತ ಬಣ್ಣ ಇರುತ್ತದೆ. ಕೆಂಪು ಅಂದರೆ ಅತಿ ಘೋರ, ಹಸಿರು ಅಂದರೆ ಅಷ್ಟಿಲ್ಲ. ಇದನ್ನು ಓದಲು ಹೇಳಿಕೊಡುತ್ತೇನೆ, ಆದರೆ ಯಾವ ಹುಳಕ್ಕೆ ಯಾವ ರಾಸಾಯನಿಕ ಅನ್ನುವ ಪಟ್ಟಿ ಹಾಕುವುದಿಲ್ಲ. ಲೀಟರಿಗೆ ಒಂದು ಮಿಲಿ ಅಂತ ಬರೆಯುವುದು ಸುಲಭ. ಅಂಗಡಿಯಲ್ಲಿ ಸಿಗುವುದು ನೂರು ಮಿಲಿ ಬಾಟಲಿ, ಹತ್ತು ಕುಂಡಕ್ಕೆ ಬೇಕಾಗುವುದು ಅರ್ಧ ಮಿಲಿ. ಮಿಕ್ಕದ್ದು ಎಲ್ಲಿರುತ್ತದೆ? ಬಚ್ಚಲುಮನೆಯ ಗೂಡಿನಲ್ಲಿ, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ. ರೈತನಿಗೆ ಬರೆಯುವ ಕೈಪಿಡಿಯಲ್ಲಿ ಆ ಪಟ್ಟಿ ಬೇಕೇ ಬೇಕು, ನನ್ನ ಪುಸ್ತಕದಲ್ಲಿ ಬೇಡ. ಬೇವಿನೆಣ್ಣೆ ಲೀಟರಿಗೆ ಐದು ಮಿಲಿ, ಎಣ್ಣೆ ನೀರಿನೊಂದಿಗೆ ಬೆರೆಯಲು ನಾಲ್ಕು ಹನಿ ಸೋಪಿನ ನೀರು, ಬಿಸಿಲಿಗೆ ಎಲೆ ಸುಡದಿರಲು ಮತ್ತು ಬೇವಿನ ಸತ್ವ ಕೆಡದಿರಲು ಸಂಜೆ ಹೊತ್ತು. ಮೊದಲು ಒಂದೇ ಕೊಂಬೆಗೆ ಹೊಡೆದು ಎರಡು ದಿನ ನೋಡಿ.

ಹುಳ ಕಂಡ ತಕ್ಷಣ ಏನಾದರೂ ಹೊಡೆಯಲೇಬೇಕು ಎಂಬ ಆತುರಕ್ಕೂ ಒಂದು ಕಥೆ ಹೇಳುತ್ತೇನೆ. ಪಪ್ಪಾಯಿ ಹಿಟ್ಟು ತಿಗಣೆ ಅಂತ ಒಂದು ಹೊರದೇಶದ ಕೀಟ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಹರಡುತ್ತಾ ಹೋಯಿತು. ಪಪ್ಪಾಯಿಯ ಜೊತೆಗೆ ಹಿಪ್ಪ‌ುನೇರಳೆ, ದಾಸವಾಳ, ಸಿಕ್ಕಸಿಕ್ಕ ಗಿಡಕ್ಕೆಲ್ಲ ಹತ್ತಿತು. ಮೈಮೇಲೆ ಮೇಣದ ಹಿಟ್ಟು ಹೊದ್ದ ಹುಳಕ್ಕೆ ಔಷಧಿ ತಾಗುತ್ತಿರಲಿಲ್ಲ. 2010ರಲ್ಲಿ ವಿಜ್ಞಾನಿಗಳು ಪೋರ್ಟೊರಿಕೋದಿಂದ ಅಸೆರೋಫೇಗಸ್ ಪಪಾಯೆ ಎಂಬ, ಸೊಳ್ಳೆಗಿಂತ ಚಿಕ್ಕದಾದ ಕಣಜವನ್ನು ತರಿಸಿ ಬಿಟ್ಟರು. ಅದು ತಿಗಣೆಯ ಮೈಯೊಳಗೇ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದ ತಿಂದು ಹೊರಬರುತ್ತದೆ. ತಿಗಣೆಯ ಹಾವಳಿ ಬೇಗನೆ ಹತೋಟಿಗೆ ಬಂತು. ಈಗ ನಿಮ್ಮ ದಾಸವಾಳದ ಎಲೆಯಡಿ ಉಬ್ಬಿ ಗಟ್ಟಿಯಾದ ಕಂದು ಬಣ್ಣದ ತಿಗಣೆಗಳು ಕಂಡರೆ ಒಳಗೆ ಕಣಜ ಕೆಲಸ ಮಾಡುತ್ತಿದೆ ಅಂತ ಅರ್ಥ. ಆಗ ಸ್ಪ್ರೇ ಹೊಡೆದರೆ ಸಾಯುವವರು ನಮ್ಮ ಕಡೆಯವರು. ತಿಗಣೆಯನ್ನು ಹೊತ್ತು ತಿರುಗುವ, ಅದನ್ನು ಕಾಯುವ ಇರುವೆಗಳ ದಾರಿ ತಪ್ಪಿಸಿದರೆ ಕಣಜಕ್ಕೆ ಉಪಕಾರ. ಈ ಪ್ಯಾರಾವನ್ನು ಓದಿದ ಒಬ್ಬರು ಭೂತಗನ್ನಡಿ ಕೊಂಡು ದಿನಾ ಬೆಳಿಗ್ಗೆ ಎಲೆಯಡಿ ನೋಡುತ್ತಾರಂತೆ. ಹೂವಿಗಿಂತ ಇದೇ ಚೆನ್ನಾಗಿದೆ ಅಂದರು.

ಹೊಸ ಪುಸ್ತಕದ ಹಸ್ತಪ್ರತಿ ಈಗ ಪ್ರಕಾಶಕರ ಬಳಿ ಇದೆ. ಪುಟ ಜಾಸ್ತಿಯಾಯಿತು, ಸಾವಿರ ಪ್ರತಿ ಹಾಕಿದರೂ ಬೆಲೆ ಕೈಗೆಟುಕುವುದಿಲ್ಲ ಅನ್ನುವುದು ಅವರ ವಾದ, ಅದರಲ್ಲಿ ಸುಳ್ಳಿಲ್ಲ. ಬಣ್ಣದ ಪುಟಗಳನ್ನು ನಾನು ಬಿಟ್ಟುಕೊಟ್ಟೆ, ಕಾರಣಗಳನ್ನು ಅವರು ಬಿಟ್ಟುಕೊಟ್ಟರು. ಜಲ್ಲಿಯ ಪುಟ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಅವರ ಮನೆಯ ತಾರಸಿಯ ಅಷ್ಟೂ ಕುಂಡಗಳ ತಳದಲ್ಲಿ ಜಲ್ಲಿ ಇದೆಯಂತೆ, ಈಗ ಎಲ್ಲ ಬಗೆದು ತೆಗೆಯಲು ಆಗುತ್ತದೆಯೇ ಅಂತ ಫೋನಿನಲ್ಲಿ ಕೂಗಾಡಿದರು. ತೆಗೆಯಬೇಡಿ, ಮುಂದಿನ ಸಲ ಮಣ್ಣು ಬದಲಿಸುವಾಗ ಹಾಕಬೇಡಿ ಅಂದಿದ್ದೇನೆ. ಆ ವಾಕ್ಯವನ್ನೇ ಪುಸ್ತಕದಲ್ಲೂ ಸೇರಿಸಿ ಅಂತಿದ್ದಾರೆ, ಸೇರಿಸುತ್ತೇನೆ.